ಮರದ ಚೆಲುವು ಕಣ್ಣಿಗೋ, ಕಿವಿಗೋ?

ಓದುಗರ ಪ್ರಶ್ನೆ: ಹದಿನಾಲ್ಕು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಈಗ ಮೊದಲ ಸಲ ನನಗಾಗಿಯೇ ಒಂದು ಅಕೂಸ್ಟಿಕ್ ಗಿಟಾರ್ ಮಾಡಿಸಲು ಹೊರಟಿದ್ದೇನೆ. ಹಿಂಬದಿಗೂ ಪಕ್ಕಗಳಿಗೂ ಮರ ಆರಿಸಿಕೊಳ್ಳಿ ಎಂದು ವಾದ್ಯ ಮಾಡುವವರು ಮೂರು ಜೊತೆ ಹಲಗೆ ತಂದಿಟ್ಟರು. ಒಂದು ಬ್ರೆಜಿಲಿಯನ್ ರೋಸ್‌ವುಡ್. ಜೇಡರ ಬಲೆಯಂಥ ಕಪ್ಪು ಗೆರೆಗಳಿದ್ದ ಆ ಹಲಗೆಯಿಂದ ಕಣ್ಣು ಕೀಳಲು ಆಗಲಿಲ್ಲ. 'ಹಳೇ ಸ್ಟಾಕು, ನಿಷೇಧಕ್ಕೆ ಮುಂಚಿನದು' ಅಂದರು. ಎರಡನೆಯದು ಕೊಕೊಬೊಲೊ, ಅದೂ ರೋಸ್‌ವುಡ್ ಕುಲದ್ದೇ, ಕೆಂಡದ ಬಣ್ಣ. ಮೂರನೆಯದು ಬೀಟೆ, ನಮ್ಮ ನಾಡಿನ ರೋಸ್‌ವುಡ್. ಮೊದಲನೆಯದರ ಬೆಲೆ ಬೀಟೆಗಿಂತ ಎಷ್ಟೋ ಪಟ್ಟು ಜಾಸ್ತಿ. 'ಮರವೇ ನಾದ' ಎಂದು ಒಬ್ಬ ಗೆಳೆಯ ಹೇಳಿದರೆ, 'ಎಲ್ಲ ಓಳು' ಎನ್ನುತ್ತಾನೆ ಇನ್ನೊಬ್ಬ. ಅಪರೂಪದ ಮರ ಕೊಂಡರೆ ಕಾಡಿಗೆ ಕೇಡು ಮಾಡಿದಂತೆ ಆಗುತ್ತದೇನೋ ಎಂಬ ಅಳುಕೂ ಇದೆ. ಗಿಟಾರ್ ಹಿಡಿದು ಬೇರೆ ದೇಶಕ್ಕೆ ಹೋದರೆ ಕಿತ್ತುಕೊಳ್ಳುತ್ತಾರಂತೆ, ನಿಜವೇ? ಕೊನೆಗೆ ಒಂದು ಸಣ್ಣ ವಿಷಯ. ಆ ದಿನ ಕೊಕೊಬೊಲೊ ಹಲಗೆಯನ್ನು ತುಂಬಾ ಹೊತ್ತು ಹಿಡಿದು ನೋಡಿದ್ದೆ. ಮಾರನೇ ದಿನ ಮಣಿಕಟ್ಟಿನಲ್ಲಿ ಕೆಂಪು ಗಂದೆ ಎದ್ದು ತುರಿಸಿತು. ಅದರಿಂದಲೇನಾ? ಏನು ತೀರ್ಮಾನ ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಒಂದು ನಾದದ್ದು, ಒಂದು ಕಾನೂನಿನದು, ಒಂದು ಮನಸ್ಸಾಕ್ಷಿಯದು, ಇನ್ನೊಂದು ಚರ್ಮದ್ದು. ಇವೆಲ್ಲದರ ಕೆಳಗೆ ಐದನೆಯದೂ ಒಂದು ಅಡಗಿದೆ ಅನ್ನಿಸಿತು. ಆ ಮೊದಲ ಹಲಗೆ ನಿಮಗೆ ಇಷ್ಟವಾಗಿಬಿಟ್ಟಿದೆ. 'ಇದರ ನಾದವೇ ಬೇರೆ' ಎಂದು ಬಲ್ಲವರೊಬ್ಬರು ಹೇಳಿಬಿಟ್ಟರೆ ಅಷ್ಟು ದುಡ್ಡು ಸುರಿಯಲು ಒಂದು ನೆಪ ಸಿಗುತ್ತದೆ, ಅಲ್ವಾ? ಆಸೆಪಟ್ಟದ್ದು ತಪ್ಪೇನಲ್ಲ. ವಾದ್ಯ ಮಾಡುವ, ರಿಪೇರಿ ಮಾಡುವ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷ ದಾಟಿತು. ಅದೇ ನೆಪ ಹೇಳಿಕೊಂಡು ನಾನು ಕೊಂಡ ಹಲಗೆಗಳು ಇನ್ನೂ ನನ್ನ ಅಟ್ಟದ ಮೇಲೆ ಕೂತಿವೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಆ ಚೆಲುವು ನಿಜ, ಬೇಕಿದ್ದರೆ ಅದಕ್ಕೆ ದುಡ್ಡು ಕೊಡಿ. ಆದರೆ ಕಣ್ಣಿನ ಸಾಲವನ್ನು ಕಿವಿಯ ಹೆಸರಲ್ಲಿ ಬರೆಯಬೇಡಿ.

ನಾದದಿಂದಲೇ ಶುರು ಮಾಡೋಣ. ಗಿಟಾರ್‌ನಲ್ಲಿ ತಂತಿಯ ಅದುರು, ಅದನ್ನು ಬಿಗಿದಿರುವ ಬ್ರಿಡ್ಜ್ ಎಂಬ ಪಟ್ಟಿಯ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಗಾಳಿಯನ್ನು ತಳ್ಳುವ ಮುಖ್ಯ ಕೆಲಸ ಅದರದು. ಸುಮಾರು ಮೂರು ಮಿಲಿಮೀಟರ್ ದಪ್ಪದ ಆ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್ ಆಗಿರುತ್ತದೆ. ಹಗುರ, ಆದರೆ ಎಳೆಯ ಉದ್ದಕ್ಕೆ ಬಲು ಬಿಗಿ. ಹಿಂಬದಿಯ ಹಲಗೆಗೂ ಪಾತ್ರ ಇಲ್ಲವೆಂದಲ್ಲ. ಅದು ಒಡಲೊಳಗಿನ ಗಾಳಿಯ ಜೊತೆ ಸೇರಿ ಮಂದ್ರದ ಸ್ವರಗಳಿಗೆ ಒಂದಿಷ್ಟು ರೂಪ ಕೊಡುತ್ತದೆ. ಆದರೆ ಅದು ಪಕ್ಕವಾದ್ಯ, ಹಾಡುಗಾರ ಅಲ್ಲ.

ಇದನ್ನು ನೂರೈವತ್ತು ವರ್ಷಕ್ಕೂ ಹಿಂದೆಯೇ ಒಬ್ಬರು ಮಾಡಿ ತೋರಿಸಿದ್ದರು. ಇವತ್ತಿನ ಕ್ಲಾಸಿಕಲ್ ಗಿಟಾರ್‌ಗೆ ಆಕಾರ ಕೊಟ್ಟವರು ಸ್ಪೇನಿನ ಆಂಟೋನಿಯೊ ದೆ ಟೊರೆಸ್. ಅವರು 1862ರಲ್ಲಿ ಒಂದು ಗಿಟಾರ್ ಮಾಡಿದರು. ಮೇಲ್ಹಲಗೆ ಒಳ್ಳೆಯ ಸ್ಪ್ರೂಸ್. ಹಿಂಬದಿ ಮತ್ತು ಪಕ್ಕಗಳು? ರಟ್ಟು! ಹೌದು, ಕಾಗದದ ರಟ್ಟು. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. 1995ರಲ್ಲಿ ಅಮೆರಿಕದ ಟೇಲರ್ ಕಂಪನಿ ಸರಕು ಸಾಗಿಸುವ ಹಳೇ ಪ್ಯಾಲೆಟ್ಟಿನ ಓಕ್ ಮರದಿಂದ ಗಿಟಾರ್ ಮಾಡಿತು. ಮೊಳೆ ಹೊಡೆದ ತೂತುಗಳನ್ನು ಮುಚ್ಚುವ ಬದಲು ಎದ್ದು ಕಾಣುವಂತೆ ಸಿಂಗರಿಸಿದರು. ಅದೂ ಚೆನ್ನಾಗಿಯೇ ನುಡಿಯಿತು.

ಇವು ಒಬ್ಬೊಬ್ಬರು ಹಟಕ್ಕೆ ಮಾಡಿದ ಪ್ರಯೋಗ ಅನ್ನಬಹುದು. ಸರಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇನ್ನಷ್ಟು ಕಟ್ಟುನಿಟ್ಟಾಗಿ ನೋಡಿದರು. ಒಬ್ಬರೇ ಕುಶಲಕರ್ಮಿಯಿಂದ, ಒಂದೇ ಅಳತೆಯಲ್ಲಿ ಆರು ಗಿಟಾರ್ ಮಾಡಿಸಿದರು. ಮೇಲ್ಹಲಗೆ ಎಲ್ಲಕ್ಕೂ ಸ್ಪ್ರೂಸ್. ಹಿಂಬದಿ ಮತ್ತು ಪಕ್ಕಗಳು ಮಾತ್ರ ಬೇರೆ ಬೇರೆ: ಬ್ರೆಜಿಲಿಯನ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೆಲೆ, ವಾಲ್‌ನಟ್. 52 ಗಿಟಾರ್ ವಾದಕರು ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಕೊಂಡು ನುಡಿಸಿ ಅಂಕ ಕೊಟ್ಟರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರಕ್ಕೂ ಹೆಚ್ಚುಕಮ್ಮಿ ಒಂದೇ ಅಂಕ! ದುಬಾರಿ ಮರ ಮೇಲೇರಲಿಲ್ಲ, ಅಗ್ಗದ ಮರ ಕೆಳಗಿಳಿಯಲಿಲ್ಲ. ಕಣ್ಣು ಕಟ್ಟಿದರೆ ಒಂದನ್ನೊಂದು ಬೇರೆ ಎಂದು ಗುರುತಿಸುವುದೇ ಕಷ್ಟವಾಯಿತು.

ಹಾಗಾದರೆ ನಿಮ್ಮ ಮೊದಲ ಗೆಳೆಯ ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಅವರು ಕೇಳಿದ್ದು ನಿಜ, ಕಾರಣ ಕಟ್ಟಿದ್ದು ಬೇರೆಯದಕ್ಕೆ. 1930ರ ದಶಕದ ಹಳೆಯ ಗಿಟಾರ್‌ಗಳಲ್ಲಿ ಬ್ರೆಜಿಲಿಯನ್ ರೋಸ್‌ವುಡ್ ಬಹಳ ಇದೆ. ಅವುಗಳಲ್ಲಿ ಕೆಲವು ನಿಜಕ್ಕೂ ಅದ್ಭುತವಾಗಿ ನುಡಿಯುತ್ತವೆ. ಆದರೆ ಆಗ ಅದು ಅಪರೂಪದ ಮರವೇ ಅಲ್ಲ, ಸುಲಭವಾಗಿ ಸಿಗುತ್ತಿತ್ತು. ಹಾಗಾಗಿ ಹಾಕಿದರು. ಆ ಗಿಟಾರ್‌ಗಳ ಒಳಗೆ ಹಲಗೆಗೆ ಆಸರೆಯಾಗಿ ಅಂಟಿಸುವ ಪಟ್ಟಿಗಳು, ಅಂದರೆ ಬ್ರೇಸುಗಳು, ತೆಳ್ಳಗೆ, ಹಗುರ. ಮೇಲ್ಹಲಗೆ ದಶಕಗಟ್ಟಲೆ ಒಣಗಿ, ನುಡಿದು ಪಳಗಿದೆ. ಜೊತೆಗೆ ಇನ್ನೊಂದು ಸಂಗತಿ: ಕೆಟ್ಟದಾಗಿ ನುಡಿಯುತ್ತಿದ್ದವನ್ನು ಯಾರೂ ಜೋಪಾನ ಮಾಡಿಲ್ಲ. ಉಳಿದುಕೊಂಡಿರುವುದು ಒಳ್ಳೆಯವೇ ಜಾಸ್ತಿ. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ಇಡೀ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. 1969ರಲ್ಲಿ ಅಮೆರಿಕದ ಹೆಸರಾಂತ ಗಿಟಾರ್ ಕಂಪನಿ ಮಾರ್ಟಿನ್ ಬೀಟೆಗೆ ಹೊರಳಿತು. ಅಲ್ಲಿಂದಾಚೆಗೆ ಹಳೆಯ ಮರಕ್ಕೆ ದಂತಕಥೆಯ ಪಟ್ಟ. ನಿಮ್ಮ ಮುಂದಿದ್ದ ಮೂರನೇ ಜೊತೆ ಇದೆಯಲ್ಲ, ಆ ಬಡಪಾಯಿ ಬೀಟೆ, ಅರ್ಧ ಶತಮಾನದಿಂದ ಜಗತ್ತಿನ ಒಳ್ಳೊಳ್ಳೆಯ ಗಿಟಾರ್‌ಗಳ ಬೆನ್ನು ಅದೇ.

ಒಂದು ಮಾತು ರೋಸ್‌ವುಡ್ ಪರವಾಗಿಯೂ ಹೇಳಬೇಕು. ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿ ತಟ್ಟಿದರೆ ಬ್ರೆಜಿಲಿಯನ್ ರೋಸ್‌ವುಡ್ ಗಂಟೆಯ ಹಾಗೆ ಠಣ್ ಎನ್ನುತ್ತದೆ. ಅದುರನ್ನು ಅದು ಬೇಗ ನುಂಗುವುದಿಲ್ಲ. ಮಹಾಗನಿ ಅಷ್ಟು ಹೊತ್ತು ಹಾಡುವುದಿಲ್ಲ. ಈ ವ್ಯತ್ಯಾಸ ನಿಜ. ಆದರೆ ಅದೇ ಹಲಗೆಯನ್ನು ತೆಳುವಾಗಿಸಿ, ಬ್ರೇಸ್ ಅಂಟಿಸಿ, ಸುತ್ತಲೂ ಪಕ್ಕಗಳಿಗೆ ಬಿಗಿದು, ಮೇಲಿಂದ ಪಾಲಿಶ್ ಕೊಟ್ಟು, ನುಡಿಸುವವರ ಹೊಟ್ಟೆಗೆ ಒತ್ತಿಹಿಡಿದ ಮೇಲೆ ಆ ಗಂಟೆಯಲ್ಲಿ ಎಷ್ಟು ಉಳಿಯುತ್ತದೆ? ಸ್ವಲ್ಪ. ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆಗಳ ನಡುವೆಯೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುವುದನ್ನು ನನ್ನ ಬೆಂಚಿನ ಮೇಲೆ ನೋಡಿದ್ದೇನೆ.

'ಎಲ್ಲ ಓಳು' ಎಂದ ಎರಡನೇ ಗೆಳೆಯರೂ ಪೂರ್ತಿ ಸರಿಯಲ್ಲ. ಮರವೇ ನೇರವಾಗಿ ಹಾಡುವ ಕಡೆ ಜಾತಿ ಮುಖ್ಯವಾಗುತ್ತದೆ. ಕೋಲಿನಿಂದ ಬಡಿದು ನುಡಿಸುವ ಮರಿಂಬಾ ವಾದ್ಯದ ಪಟ್ಟಿಗಳನ್ನು ನೋಡಿ. ಅಲ್ಲಿ ತಂತಿ ಇಲ್ಲ, ಪೊರೆ ಇಲ್ಲ. ಬಡಿದ ಮರವೇ ಸ್ವರ. ಅದಕ್ಕೆ ಹೊಂಡುರಾಸ್ ರೋಸ್‌ವುಡ್ಡಿನ ಸರಿಸಾಟಿ ಸಿಗುವುದು ಕಷ್ಟ. ಪಿಟೀಲಿನ ಕಮಾನು ಇನ್ನೊಂದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ತೂರ್ತ್ ಇವತ್ತಿನ ಕಮಾನಿನ ರೂಪ ಕಂಡುಕೊಂಡರು. ಆಗಿನಿಂದ ಪೆರ್ನಂಬುಕೊ ಮರವೇ ಅದರ ರಾಣಿ. ಬಿಸಿ ಮಾಡಿ ಬಗ್ಗಿಸಿದರೆ ಆ ಬಾಗು ವರ್ಷಗಟ್ಟಲೆ ನಿಲ್ಲುತ್ತದೆ. ಬಿಗಿಯೂ ಉಂಟು, ಚುರುಕೂ ಉಂಟು. (ಬ್ರೆಜಿಲ್ ದೇಶಕ್ಕೆ ಹೆಸರು ಬಂದದ್ದೇ ಈ ಮರದಿಂದ. ಮೊದಲು ಅದನ್ನು ಕಡಿದದ್ದು ಕಮಾನಿಗಲ್ಲ, ಬಟ್ಟೆಗೆ ಹಾಕುವ ಕೆಂಪು ಬಣ್ಣಕ್ಕೆ.) ಕ್ಲಾರಿನೆಟ್ಟಿನ ಕಥೆ ಇದಕ್ಕೆ ತಿರುವುಮುರುವು. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಆಫ್ರಿಕನ್ ಬ್ಲಾಕ್‌ವುಡ್ ಅಲ್ಲಿ ಬೇಕು. ಆದರೆ ಮರ ಹಾಡುತ್ತದೆ ಅಂತ ಅಲ್ಲ. ಹಾಡುವುದು ಒಳಗಿನ ಗಾಳಿ. ಉಸಿರಿನ ತೇವಕ್ಕೆ ಅಷ್ಟಾಗಿ ಜಗ್ಗದೆ, ಕೊರೆದ ರಂಧ್ರದ ಅಳತೆಯನ್ನು ಕೂದಲೆಳೆಯಷ್ಟೂ ಬಿಡದೆ ಕಾಪಾಡುತ್ತದೆ ಅಂತ ಅದು ಬೇಕು. ಅಂದರೆ 'ಒಳ್ಳೆಯ ಮರ' ಎನ್ನುವುದಕ್ಕೆ ಒಂದೇ ಅರ್ಥ ಇಲ್ಲ. ಯಾವ ಜಾಗದಲ್ಲಿ, ಯಾವ ಕೆಲಸಕ್ಕೆ ಎಂದು ಮೊದಲು ಕೇಳಬೇಕು.

ಈಗ ಚೆಲುವಿನ ವಿಷಯ. ನನಗೂ ಇದೇ ಇಷ್ಟದ ಭಾಗ.

ಬೆಳೆಯುವ ಮರದ ಹೊರಭಾಗ ನೀರು ಸಾಗಿಸುತ್ತದೆ. ಅದರ ಬಣ್ಣ ಸಾಮಾನ್ಯವಾಗಿ ಪೇಲವ. ಒಳಭಾಗ ಆ ಕೆಲಸ ನಿಲ್ಲಿಸುವಾಗ ಮರ ಅದರೊಳಗೆ ಕೆಲವು ರಾಸಾಯನಿಕಗಳನ್ನು ತುಂಬಿಡುತ್ತದೆ, ಹುಳ ಕೊರೆಯದಿರಲಿ, ಬೂಷ್ಟು ಹಿಡಿಯದಿರಲಿ ಅಂತ. ಅದೇ ಚೇಗು. ನೀವು ಮೆಚ್ಚಿದ ಕೆಂಪು, ನೇರಳೆ, ಕಪ್ಪು ಎಲ್ಲ ಈ ತುಂಬಿಟ್ಟದ್ದರ ಬಣ್ಣವೇ. ರೋಸ್‌ವುಡ್ ಕೊಯ್ಯುವಾಗ ಏಳುವ ಸಿಹಿ ಪರಿಮಳವೂ ಅದೇ. ಒಂದು ಲೆಕ್ಕದಲ್ಲಿ, ನಾವು ಚೆಲುವು ಅನ್ನುವುದು ಮರದ ವಿಷ. ನಿಮ್ಮ ಮಣಿಕಟ್ಟಿನ ಗಂದೆಯ ಗುಟ್ಟೂ ಇಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಣ್ಣ ಒಂದು ಬಗೆಯ ಚೆಲುವಾದರೆ, ಎಳೆಯ ಆಟ ಇನ್ನೊಂದು. ಪಿಟೀಲಿನ ಹಿಂಬದಿಯ ಮೇಪಲ್‌ನಲ್ಲಿ ಹುಲಿಪಟ್ಟೆಯಂಥ ಅಡ್ಡಗೆರೆ ನೋಡಿರುತ್ತೀರಿ. ಅಲ್ಲಿ ನಿಜವಾಗಿ ಗೆರೆಯೇ ಇಲ್ಲ! ಮರದ ಎಳೆಗಳು ನೇರ ಬೆಳೆಯದೆ ಅಲೆಅಲೆಯಾಗಿ ಬೆಳೆದಿವೆ. ಕೊಯ್ದು ನಯ ಮಾಡಿದಾಗ ಕೆಲವು ಕಡೆ ಎಳೆಯ ಮೈ ಕಾಣುತ್ತದೆ, ಕೆಲವು ಕಡೆ ಎಳೆಯ ತುದಿ. ಮೈ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ತುದಿ ನುಂಗುತ್ತದೆ. ವಾದ್ಯವನ್ನು ಓರೆ ಮಾಡಿದರೆ ಬೆಳಗಿದ ಪಟ್ಟೆ ಕಪ್ಪಾಗಿ, ಕಪ್ಪು ಪಟ್ಟೆ ಬೆಳಗುತ್ತದೆ. ರೇಷ್ಮೆ ಸೀರೆಯ ಮಡಿಕೆ ಹಾಗೆ. ಈ ಆಟ ಫೋಟೋದಲ್ಲಿ ಸಿಗುವುದೇ ಇಲ್ಲ. ಫೋಟೋ ನೋಡಿ ಹಲಗೆ ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಈ ಬಗೆಯ ಚೆಲುವಿನ ಹುಚ್ಚು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಒಂದು ಕಥೆ ಇದೆ. ಈಗಿನ ಬೆಲೀಜ್ ದೇಶದ ಚಿಕಿಬುಲ್ ಕಾಡಿನಲ್ಲಿ 1965ರಲ್ಲಿ ಒಂದು ಭಾರೀ ಮಹಾಗನಿ ಮರ ಕಡಿದರು. ಅದು ಬೇಕಾದ ಕಡೆ ಬೀಳದೆ ಕಂದರಕ್ಕೆ ಉರುಳಿತು. ಮೇಲೆತ್ತಲಾಗದೆ ಅಲ್ಲೇ ಬಿಟ್ಟುಬಂದರು. ಹತ್ತು ವರ್ಷಕ್ಕೂ ಮೇಲೆ ಅದು ಹಾಗೇ ಬಿದ್ದಿತ್ತು. ಆಮೇಲೆ ತುಂಡು ಮಾಡಿ ಎಳೆದು ತಂದರು. ಒಳಗೆ ಕೌದಿ ಹೊಲಿದ ಹಾಗೆ ಉಬ್ಬಿಳಿಯುವ ಎಳೆ. ವಾದ್ಯ ಮಾಡುವವರ ನಡುವೆ ಅದಕ್ಕೆ ಬೇರೆ ಹೆಸರೇ ಇಲ್ಲ, 'ದ ಟ್ರೀ' ಅಂದರೆ ಸಾಕು. ಅದರ ಒಂದು ಜೊತೆ ಹಲಗೆಗೆ ಸಾಮಾನ್ಯ ಮಹಾಗನಿಯ ಎಷ್ಟೋ ಪಟ್ಟು ಬೆಲೆ. ಆದರೂ ಅದು ಮಹಾಗನಿಯೇ. ಅದೇ ಕಾಡಲ್ಲಿ ಅದರ ಪಕ್ಕ ನೆಟ್ಟಗೆ ಬೆಳೆದಿದ್ದ ಮರಗಳಿಗೆ ಯಾರೂ ಹೆಸರಿಡಲಿಲ್ಲ.

ಇಲ್ಲೇ ಒಂದು ತೊಡಕು ಇದೆ. ಕಣ್ಣಿಗೆ ಹಬ್ಬವಾದ ಹಲಗೆ ಸಾಮಾನ್ಯವಾಗಿ ವಾದ್ಯಕ್ಕೆ ಕಷ್ಟದ ಹಲಗೆ. ಅಲೆಯಾಡುವ ಎಳೆ ನೇರ ಎಳೆಯಷ್ಟು ಬಿಗಿ ಇರುವುದಿಲ್ಲ. ಪಕ್ಕಗಳನ್ನು ಬಿಸಿ ಮಾಡಿ ಬಗ್ಗಿಸುವಾಗ ಅಲೆಯ ತಿರುವಿನಲ್ಲೇ ಪಟ್ ಅನ್ನುತ್ತದೆ. ಜೇಡರ ಬಲೆಯ ಗೆರೆಯಿರುವ ಬ್ರೆಜಿಲಿಯನ್ ರೋಸ್‌ವುಡ್ಡಿನದು ಇನ್ನೊಂದು ಕಥೆ. ಈಗ ಮಾರಾಟಕ್ಕೆ ಬರುವುದರಲ್ಲಿ ಬಹುಪಾಲು ಹಿಂದೆ ಕಡಿದ ಮರಗಳ ಬುಡ, ಕೊರಡು, ಹಳೆ ತೊಲೆ. ಬುಡದ ಮರ ತಿರುಚಿಕೊಂಡಿರುತ್ತದೆ. ಚೆಂದದ ಗೆರೆ ಎದ್ದು ಕಾಣಲಿ ಎಂದು ಅದನ್ನು ಅಡ್ಡಡ್ಡಲಾಗಿ, ಅಂದರೆ ವರ್ಷದ ಬಳೆಗಳು ಹಲಗೆಯ ಅಗಲಕ್ಕೆ ಮಲಗುವಂತೆ ಕೊಯ್ಯುತ್ತಾರೆ. ಮರ ಒಣಗುವಾಗ ವರ್ಷದ ಬಳೆಗಳ ಗುಂಟ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಅಡ್ಡಕ್ಕೆ ಕೊಯ್ದ ಅಗಲ ಹಲಗೆ ಹವೆ ಬದಲಾದಾಗಲೆಲ್ಲ ಜಾಸ್ತಿ ಎಳೆದಾಡುತ್ತದೆ ಎಂದಾಯಿತು. ಸುತ್ತಲೂ ಅಂಟಿಸಿ ಕಟ್ಟಿಹಾಕಿರುವುದರಿಂದ ಎಲ್ಲಿಗೂ ಸರಿಯಲಾಗದೆ ಸೀಳುತ್ತದೆ.

ಕೆಲಸ ಕಲಿತ ಹೊಸದರಲ್ಲಿ ನಾನು ಅಂಥದೇ ಒಂದು ಜೊತೆ ತಂದೆ. ಹಲಗೆಯ ನಡುವೆ ಮೋಡ ಕವಿದ ಬೆಟ್ಟದ ಚಿತ್ರ ಇತ್ತು. ಸುಳ್ಳಲ್ಲ. ಗಿಟಾರ್ ಮುಗಿಸಿ ಕೊಟ್ಟೆ. ಎರಡನೇ ವರ್ಷದ ಒಣ ಹವೆಗೆ ಬೆಟ್ಟದ ತಪ್ಪಲಲ್ಲೇ ಬಿರುಕು ಬಿಟ್ಟಿತು. ಒಳಗಿಂದ ಚಕ್ಕೆ ಅಂಟಿಸಿ ಸರಿ ಮಾಡಿದೆ. ಮುಂದಿನ ವರ್ಷ ಪಕ್ಕದಲ್ಲಿ ಇನ್ನೊಂದು. ಮೂರು ಸಲ ರಿಪೇರಿ ಮಾಡಿದ ಮೇಲೆ ಆ ಗಿಟಾರ್ ನೆಟ್ಟಗಾಯಿತು. ತಪ್ಪು ಮರದ್ದಲ್ಲ, ನನ್ನದು. ಕೊಯ್ದ ರೀತಿ ನೋಡದೆ ಚಿತ್ರ ನೋಡಿ ತಂದಿದ್ದೆ.

ಇನ್ನೊಂದು ಸಣ್ಣ ಸಂಗತಿ. ಹೀಗೆ ಮೆಚ್ಚಿದ ಬಣ್ಣ ಹಾಗೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಈಗಷ್ಟೇ ಕೊಯ್ದ ಪಡೌಕ್ ಮರ ಕುಂಕುಮದಂತೆ ಇರುತ್ತದೆ. ಬೆಳಕಿಗೆ ಇಟ್ಟು ಕೆಲವು ವರ್ಷ ಕಳೆದರೆ ಕಂದು. ಪರ್ಪಲ್‌ಹಾರ್ಟಿನ ನೇರಳೆಯೂ ನಿಧಾನಕ್ಕೆ ಕಂದಿಗೆ ಇಳಿಯುತ್ತದೆ. ಕೊಕೊಬೊಲೊ ಹೊಸದಾಗಿ ತೋಪಡ ಹೊಡೆದಾಗ ಕಿತ್ತಳೆ, ಹಳದಿ, ಕೆಂಪು ಎಲ್ಲ ಕುಣಿಯುತ್ತವೆ. ಗಾಳಿ ಬೆಳಕು ತಾಗುತ್ತಾ ಅದು ಗಾಢವಾಗುತ್ತದೆ. ಮಾರುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ನಿಮ್ಮೆದುರೇ ಹಲಗೆಯ ಮೇಲೆ ಒಂದಿಷ್ಟು ನೀರೋ ಸ್ಪಿರಿಟ್ಟೋ ಚಿಮುಕಿಸುತ್ತಾರೆ. ಬಣ್ಣ ಧಗ್ಗನೆ ಹೊತ್ತಿಕೊಳ್ಳುತ್ತದೆ. ಪಾಲಿಶ್ ಬಿದ್ದ ದಿನ ಹೇಗೆ ಕಾಣುತ್ತದೆ ಎನ್ನುವುದಕ್ಕೆ ಅದು ನಿಜವಾದ ಮಾದರಿಯೇ. ಹತ್ತು ವರ್ಷದ ಮೇಲಿನ ಮಾದರಿ ಅಲ್ಲ.

ಈಗ ಮಣಿಕಟ್ಟಿಗೆ ಬರೋಣ. ಹೌದು, ಅದು ಕೊಕೊಬೊಲೊದಿಂದಲೇ ಬಂದಿರುವ ಸಾಧ್ಯತೆ ಬಹಳ. ರೋಸ್‌ವುಡ್ ಕುಲದ ಮರಗಳಲ್ಲಿ ಕ್ವಿನೋನ್ ಎಂಬ ಬಗೆಯ ರಾಸಾಯನಿಕಗಳಿವೆ. ಅವು ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಹೆಸರುವಾಸಿ. ಅದರಲ್ಲೂ ಕೊಕೊಬೊಲೊ ಮುಂದೆ. ನನ್ನ ಪರಿಚಯದ ಕೆಲಸಗಾರರಲ್ಲಿ ಈ ಒಂದು ಮರವನ್ನು ಮುಟ್ಟುವುದನ್ನೇ ಬಿಟ್ಟವರಿದ್ದಾರೆ. ಅಲರ್ಜಿಯ ಸ್ವಭಾವ ಏನೆಂದರೆ, ಒಮ್ಮೆ ಮೈ ಅದನ್ನು ಗುರುತು ಹಿಡಿಯಿತು ಅಂದರೆ ಮುಂದಿನ ಸಲ ಇನ್ನೂ ಕಡಿಮೆ ಸೋಕಿದರೂ ಎದ್ದು ಬರಬಹುದು. ಒಂದು ರೋಸ್‌ವುಡ್ಡಿಗೆ ತಿರುಗಿಬಿದ್ದ ಚರ್ಮ ಅದರ ದಾಯಾದಿಗಳಿಗೂ ತಿರುಗಿಬೀಳಬಹುದು. ಬೀಟೆ ಅದರ ದಾಯಾದಿಯೇ, ನೆನಪಿರಲಿ. ಪಾಲಿಶ್ ಹಾಕಿ ಮುಚ್ಚಿದ ಒಡಲಿನಿಂದ ತೊಂದರೆ ಬರುವುದು ಅಪರೂಪ. ಆದರೆ ಬೆರಳೊತ್ತುವ, ಬರಿಮೈ ಬಿಟ್ಟ ಫ್ರೆಟ್‌ಬೋರ್ಡ್, ಮುಂಗೈ ಒರಗುವ ಅಂಚು, ಬೆವರು. ಇವು ಮೂರೂ ಸೇರಿದರೆ ಹೇಳಲಾಗದು. ಚರ್ಮದ ವೈದ್ಯರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಮೂರೂ ಹಲಗೆಗಳ ಒಂದು ಚಿಟಿಕೆ ಹೊಟ್ಟು ಕಟ್ಟಿಸಿಕೊಂಡು ಹೋಗಿ ತೋರಿಸಿ. ಮನೆಯಲ್ಲಿ ನೀವೇ ಪ್ರಯೋಗ ಮಾಡಬೇಡಿ.

(ವಾದ್ಯ ಮಾಡುವ ಆಸೆಯಿಂದ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಗಂದೆ ಕಣ್ಣಿಗೆ ಕಾಣುತ್ತದೆ, ಪುಡಿ ಕಾಣುವುದಿಲ್ಲ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ವಿದೇಶಿ ಮರ ಅಂತಲ್ಲ, ಯಾವ ಮರದ ಪುಡಿಯೂ ಸುಮ್ನೆ ಅಲ್ಲ. ಒಳ್ಳೆಯ ಮಾಸ್ಕ್ ಇಲ್ಲದೆ ಸ್ಯಾಂಡಿಂಗ್ ಮಾಡಬೇಡಿ.)

ಕಾನೂನಿನ ಕಡೆಗೆ. ಅಳಿವಿನ ಅಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಎಂಬ ಒಪ್ಪಂದ ಇದೆ. 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಕಾಡುಗಳಲ್ಲಿ ಬೆಳೆಯುವ ಈ ರೋಸ್‌ವುಡ್ಡನ್ನು 1992ರಲ್ಲಿ ಅದರ ಮೊದಲ ಪಟ್ಟಿಗೆ, ಅಂದರೆ ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದರು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಅದಕ್ಕೂ ಮುಂಚಿನ ಮರವನ್ನು ಗಡಿ ದಾಟಿಸಬಹುದು, ಆದರೆ ಅದು ಮುಂಚಿನದೇ ಎನ್ನುವುದಕ್ಕೆ ಸರಕಾರದ ಪ್ರಮಾಣಪತ್ರ ಬೇಕು. 'ಹಳೇ ಸ್ಟಾಕು' ಎನ್ನುವುದು ಪ್ರಮಾಣಪತ್ರ ಅಲ್ಲ, ಬಾಯಿಮಾತು. ಪತ್ರ ಇಲ್ಲದ ಗಿಟಾರ್ ಹಿಡಿದು ಬೇರೆ ದೇಶಕ್ಕೆ ಹೊರಟರೆ ಕಿತ್ತುಕೊಳ್ಳಬಹುದು, ನೀವು ಕೇಳಿದ್ದು ನಿಜ. ನಾಳೆ ಮಾರಲು ಹೊರಟರೂ ಇದೇ ತಲೆನೋವು. ಹಲಗೆಯ ಬೆಲೆ ಕೇಳುವ ಮುಂಚೆ ಕಾಗದ ಕೇಳಿ. ಅದರಲ್ಲಿ ಮರದ ವೈಜ್ಞಾನಿಕ ಹೆಸರು ಡಾಲ್ಬರ್ಜಿಯ ನೈಗ್ರಾ ಎಂದು ಇರಬೇಕು. ಪ್ರಮಾಣ ಇರಬೇಕು, ಎಂದಿನದು ಎಂಬ ದಾಖಲೆ ಇರಬೇಕು.

ಕೊಕೊಬೊಲೊ ಮತ್ತು ಬೀಟೆಯ ಪರಿಸ್ಥಿತಿ ಈಗ ಸುಲಭ. 2017ರ ಜನವರಿಯಲ್ಲಿ ರೋಸ್‌ವುಡ್ ಕುಲವನ್ನು ಪೂರ್ತಿಯಾಗಿ ಎರಡನೇ ಪಟ್ಟಿಗೆ ಹಾಕಿದ್ದರು. ಸಂಗೀತಗಾರರಿಗೂ ಅಂಗಡಿಗಳಿಗೂ ಕಾಗದಪತ್ರದ ಗೋಳು ಶುರುವಾಯಿತು. 2019ರ ನವೆಂಬರಿನಿಂದ, ಪೂರ್ತಿ ತಯಾರಾದ ವಾದ್ಯಗಳಿಗೂ ಅವುಗಳ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು. ಬ್ರೆಜಿಲಿಯನ್ ರೋಸ್‌ವುಡ್ಡಿಗೆ ಈ ವಿನಾಯಿತಿ ಇಲ್ಲ. ವಾದ್ಯವಾಗದ ಬರಿ ಹಲಗೆಗಳನ್ನು ಹೊರದೇಶದಿಂದ ತರಿಸಲು ಈಗಲೂ ಪರವಾನಗಿ ಬೇಕು, ಅದು ನಿಮ್ಮ ವಾದ್ಯ ಮಾಡುವವರ ಜವಾಬ್ದಾರಿ. ಈ ಪಟ್ಟಿಗಳನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ, ಜೊತೆಗೆ ಪ್ರತಿ ದೇಶಕ್ಕೂ ಅದರದೇ ನಿಯಮಗಳಿವೆ. ಪ್ರಯಾಣಕ್ಕೆ ಮುಂಚೆ ಒಮ್ಮೆ ವಿಚಾರಿಸುವುದು ಕ್ಷೇಮ.

ಹೆಸರುಗಳ ಬಗ್ಗೆಯೂ ಎಚ್ಚರ ಇರಲಿ. ಈ ವ್ಯಾಪಾರದಲ್ಲಿ ಹೆಸರು ಬಲು ಸಡಿಲ. 'ಬೊಲಿವಿಯನ್ ರೋಸ್‌ವುಡ್', 'ಸ್ಯಾಂಟೋಸ್ ರೋಸ್‌ವುಡ್' ಎಂದು ಮಾರುವ ಪಾವ್ ಫೆರ್ರೊ ರೋಸ್‌ವುಡ್ ಕುಲದ್ದೇ ಅಲ್ಲ. ಮರ ಒಳ್ಳೆಯದೇ, ಹೆಸರು ಸುಳ್ಳು. ಬರಿಗಣ್ಣಿಗೆ, ಮೂಗಿಗೆ ಎಲ್ಲ ಗೊತ್ತಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ನಾನೇ ಎರಡು ಸಲ ಮೋಸಹೋಗಿದ್ದೇನೆ. ಅಷ್ಟು ದುಡ್ಡು ಕೊಡುವುದಾದರೆ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿ ಮರದ ಜಾತಿ ಖಚಿತ ಮಾಡಿಕೊಳ್ಳಬಹುದು.

ಮನಸ್ಸಾಕ್ಷಿಯ ವಿಷಯದಲ್ಲಿ ನಿಮ್ಮ ಬದಲು ನಾನು ತೀರ್ಮಾನ ಮಾಡಲಾರೆ. ಒಂದು ಗಿಟಾರ್‌ನ ಹಿಂಬದಿ ಮತ್ತು ಪಕ್ಕಗಳು ಸೇರಿ ಒಂದು ಕಿಲೋ ಕೂಡ ತೂಗುವುದಿಲ್ಲ. ರೋಸ್‌ವುಡ್ ಕಾಡುಗಳನ್ನು ಬರಿದು ಮಾಡಿದ್ದು ಮುಖ್ಯವಾಗಿ ಪೀಠೋಪಕರಣದ ಹಸಿವು. ಆದರೂ ವಾದ್ಯ ಮಾಡುವ ನಾವು ಪೂರ್ತಿ ಕೈತೊಳೆದುಕೊಳ್ಳುವ ಹಾಗಿಲ್ಲ. ಎಬೊನಿ ಎಂಬ ಕರಿಮರದ ಕಥೆ ಕೇಳಿ. ಫ್ರೆಟ್‌ಬೋರ್ಡ್ ಅಂದರೆ ಅಚ್ಚ ಕಪ್ಪೇ ಬೇಕು ಎಂದು ನಾವು ತಲೆಮಾರುಗಟ್ಟಲೆ ಹಟ ಹಿಡಿದೆವು. 2011ರಲ್ಲಿ ಟೇಲರ್ ಕಂಪನಿ ಒಬ್ಬ ಪಾಲುದಾರರ ಜೊತೆ ಸೇರಿ ಕ್ಯಾಮರೂನ್ ದೇಶದ ಒಂದು ಎಬೊನಿ ಮಿಲ್ ಕೊಂಡಿತು. ಆಗ ಅವರಿಗೆ ಕಾಡಿನ ನಿಜಸ್ಥಿತಿ ಗೊತ್ತಾಯಿತು. ಒಳಗೆ ಮರ ಕಪ್ಪೋ ಪಟ್ಟೆಯೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಕಡಿದು ನೋಡಬೇಕು. ಕಂದು ಪಟ್ಟೆ ಕಂಡರೆ ಬೆಲೆ ಇಲ್ಲ ಎಂದು ಅಲ್ಲೇ ಬಿಟ್ಟು ಮುಂದಿನ ಮರಕ್ಕೆ ಹೋಗುತ್ತಿದ್ದರು. ಗಟ್ಟಿತನದಲ್ಲಿ, ನುಡಿಯುವುದರಲ್ಲಿ ಆ ಪಟ್ಟೆಯ ಮರಕ್ಕೆ ಏನೂ ಕೊರತೆ ಇರಲಿಲ್ಲ. ನಮ್ಮ ಕಣ್ಣಿಗೆ ಒಗ್ಗಲಿಲ್ಲ, ಅಷ್ಟೇ. ಆ ಕಂಪನಿ ಆಮೇಲೆ ಪಟ್ಟೆಯ ಎಬೊನಿಯನ್ನೇ ತನ್ನ ಗಿಟಾರ್‌ಗಳಿಗೆ ಹಾಕತೊಡಗಿತು. ಈಗ ನನಗೆ ಆ ಹೊಗೆಬಣ್ಣದ ಪಟ್ಟೆಯೇ ಅಚ್ಚ ಕಪ್ಪಿಗಿಂತ ಚೆಂದ ಕಾಣುತ್ತದೆ. ಕಣ್ಣಿಗೂ ಪಾಠ ಹೇಳಿಕೊಡಬಹುದು ಅನ್ನಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ನಿಮ್ಮ ಜಾಗದಲ್ಲಿ ನಾನಿದ್ದರೆ ಬೀಟೆ ತೆಗೆದುಕೊಳ್ಳುತ್ತಿದ್ದೆ, ಚರ್ಮದ ಪರೀಕ್ಷೆ ಪಾಸಾದರೆ. ನೆಟ್ಟಗಿನ ಎಳೆ, ಸರಿಯಾದ ಕೊಯ್ತ, ನೇರಳೆ ಛಾಯೆ. ಉಳಿದ ದುಡ್ಡನ್ನು ಇನ್ನೂ ಒಳ್ಳೆಯ ಮೇಲ್ಹಲಗೆಗೆ ಹಾಕುತ್ತಿದ್ದೆ, ಏಕೆಂದರೆ ಅಲ್ಲಿ ಕೊಟ್ಟದ್ದು ಕಿವಿಗೆ ವಾಪಸ್ ಬರುತ್ತದೆ. ಚೆಲುವಿನ ಆಸೆಗೆ ಒಂದು ಒಳದಾರಿಯೂ ಇದೆ. ತಲೆಪಟ್ಟಿಯ ಮುಖಕ್ಕೆ, ಸೌಂಡ್‌ಹೋಲ್ ಸುತ್ತಲಿನ ಬಳೆಗೆ ತೆಳುವಾದ ಚಕ್ಕೆಯಾಗಿ ಅಪರೂಪದ ಮರ ಹಾಕಿಸಿ. ನುಡಿಸುವಾಗ ಹೇಗೂ ಕಾಣುವುದು ಅದೇ. ಹಿಂಬದಿ ಹೊಟ್ಟೆಯ ಕಡೆಗೆ ಇರುತ್ತದೆ, ಅಲ್ವಾ? (ಅದೂ ಬ್ರೆಜಿಲಿಯನ್ ರೋಸ್‌ವುಡ್ ಆಗುವುದು ಬೇಡ. ಚಕ್ಕೆ ಎಷ್ಟೇ ತೆಳುವಾದರೂ ಕಾನೂನು ಅಷ್ಟೇ ದಪ್ಪ.)

ಕೊಕೊಬೊಲೊ ಬೇಕೇ ಬೇಕು ಅಂದರೆ, ಗಂದೆಯ ಕಾರಣಕ್ಕೆ ನಾನು ಬೇಡ ಅನ್ನುತ್ತೇನೆ. ಪರೀಕ್ಷೆಯಲ್ಲಿ ಅದರ ತಪ್ಪಲ್ಲ ಎಂದು ತಿಳಿದರೆ ಮಾತು ಬೇರೆ. ಆಗಲೂ ವಾದ್ಯ ಮಾಡುವವರನ್ನು ಎರಡು ಪ್ರಶ್ನೆ ಕೇಳಿ. ಆ ಎಣ್ಣೆಯ ಮರಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮುಂಚೆ ಏನು ಮಾಡುತ್ತೀರಿ? ಅಸಿಟೋನಿನಲ್ಲಿ ಒರೆಸಿ, ಆರಿದ ಕೂಡಲೇ ಅಂಟಿಸುತ್ತೇವೆ ಎಂಬಂಥ ಉತ್ತರ ಬರಬೇಕು. ಪಾಲಿಶ್ ಹಚ್ಚುವಾಗ ಅದರ ಕಿತ್ತಳೆ ಬಣ್ಣ ಬಿಳಿ ಸ್ಪ್ರೂಸ್ ಮೇಲೆ ಹರಿಯದಂತೆ ಹೇಗೆ ತಡೆಯುತ್ತೀರಿ? ಇದಕ್ಕೆ ತಡವರಿಸಿದರೆ ಅವರು ಆ ಮರದಲ್ಲಿ ಜಾಸ್ತಿ ಕೆಲಸ ಮಾಡಿಲ್ಲ ಎಂದು ತಿಳಿಯಿರಿ.

ಬ್ರೆಜಿಲಿಯನ್ ರೋಸ್‌ವುಡ್: ಪಕ್ಕಾ ಕಾಗದ ಇದ್ದರೆ, ನೀವು ಆ ಗಿಟಾರ್ ಹಿಡಿದು ದೇಶ ಸುತ್ತುವುದಿಲ್ಲವಾದರೆ, ಬಿರುಕು ಬಿಟ್ಟರೆ ಎದೆ ಒಡೆಯುವುದಿಲ್ಲವಾದರೆ, ಅಲರ್ಜಿ ಇಲ್ಲವಾದರೆ. ನಾಲ್ಕು 'ಆದರೆ' ದಾಟಿದ ಮೇಲೂ ಆ ಹಲಗೆ ಕನಸಿನಲ್ಲಿ ಬರುತ್ತಿದ್ದರೆ ತಗೊಳ್ಳಿ. ಚೆಂದಕ್ಕೆ ಅಂತ ತಗೊಳ್ಳಿ.

ನೀವು ಕೇಳದ ನಾಲ್ಕನೇ ದಾರಿಯೂ ಇದೆ. ವಾಲ್‌ನಟ್, ಮೇಪಲ್, ಹವಾಯಿಯ ಕೋವ ಮರದ ಹತ್ತಿರದ ನಂಟನಾದ ಆಸ್ಟ್ರೇಲಿಯನ್ ಬ್ಲಾಕ್‌ವುಡ್. ಇವು ಯಾವುವೂ ರೋಸ್‌ವುಡ್ ಕುಲದ್ದಲ್ಲ. ಗಡಿಯಲ್ಲಿ ತಂಟೆ ಕಮ್ಮಿ. ಆದರೆ ಆಸ್ಟ್ರೇಲಿಯನ್ ಬ್ಲಾಕ್‌ವುಡ್ಡಿನಲ್ಲೂ ಚರ್ಮ ಕೆರಳಿಸುವ ಕ್ವಿನೋನ್ ಇದೆ, ಹಾಗಾಗಿ ಇವನ್ನೂ ಅದೇ ಚರ್ಮದ ಪರೀಕ್ಷೆಗೆ ಸೇರಿಸಿ. ಬ್ಲಾಕ್‌ವುಡ್ಡಿನಲ್ಲಿ ಒಮ್ಮೊಮ್ಮೆ ಬರುವ ಅಲೆ ನೋಡಿದರೆ ಆ ಜೇಡರ ಬಲೆ ಮರೆತೇ ಹೋಗಬಹುದು.

ಮುಂದಿನ ಸಲ ಹೋದಾಗ ಹೀಗೆ ಮಾಡಿ. ಗಂದೆ ಎದ್ದಿರುವುದರಿಂದ ಕೈಗೆ ಕವಚ ಹಾಕಿಕೊಂಡೇ ಹಲಗೆ ಹಿಡಿಯಿರಿ. ಮೊದಲು ಹಲಗೆಯ ಮುಖ ನೋಡಬೇಡಿ, ತುದಿ ನೋಡಿ. ತುದಿಯಲ್ಲಿ ಬಳೆಯ ಗೆರೆಗಳು ಹಲಗೆಯ ಅಗಲಕ್ಕೆ ನೇರ ನಿಂತಿದ್ದರೆ ಒಳ್ಳೆಯ ಕೊಯ್ತ. ಮಲಗಿದ್ದರೆ ಬಿರುಕಿನ ಭಯ. ಆ ಕೋಣೆಯಲ್ಲಿ ತೇವ ಅಳೆಯುವ ಮೀಟರ್ ಇದೆಯಾ ನೋಡಿ. ಮುಳ್ಳು 45ರಿಂದ 55 ಶೇಕಡಾ ನಡುವೆ ಇದ್ದರೆ ಅವರಿಗೆ ಕೆಲಸ ಗೊತ್ತು ಎಂದೇ ಅರ್ಥ. ಅವರು ಈಗಾಗಲೇ ಮಾಡಿದ ಎರಡು ಮೂರು ಗಿಟಾರ್ ಕೇಳಿ ಪಡೆದು, ಬೇರೆಯವರ ಕೈಯಲ್ಲಿ ನುಡಿಸಿ, ನೀವು ಬೆನ್ನು ತಿರುಗಿಸಿ ಕೂತು ಕೇಳಿ. ಯಾವುದರಲ್ಲಿ ಯಾವ ಮರ ಎಂದು ಆಮೇಲೆ ಕೇಳಿ ತಿಳಿದುಕೊಳ್ಳಿ. ಅಷ್ಟರಲ್ಲಿ ಅವರು ಹಲಗೆಯ ಮೇಲೆ ನೀರು ಚಿಮುಕಿಸಲು ಬಂದರೆ, ಒಂದು ನಿಮಿಷ ತಡೆಯಿರಿ ಅನ್ನಿ.